ಎಂಜಿನ್ ಬದಲಿಸಿದ ಗಾಡಿಗೂ ಆರ್‌ಸಿ ಸಿಗಬೇಕು

ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಮಾಜ್ಡಾ ಮಿಯಾಟಾ ಕೊಂಡು, ಅದರ ಎಂಜಿನ್ ಇಳಿಸಿ, ಮನೆಯ ಗ್ಯಾರೇಜಿನಲ್ಲೇ ಬೇರೆ ಕಂಪನಿಯ ಎಂಜಿನ್ ಕೂರಿಸುವವರು ಬೇಕಾದಷ್ಟು ಜನ ಇದ್ದಾರೆ. 1989ರಲ್ಲಿ ಬಂದ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಅದು. ತೂಕ ಸಾವಿರ ಕಿಲೋ ಆಸುಪಾಸು, ಎಂಜಿನ್ 1.6 ಲೀಟರು, ಇಲ್ಲಿ ಮಾರಿದ ಕಾರಿಗೆ 116 ಹಾರ್ಸ್‌ಪವರ್. ತಿರುವುಗಳಲ್ಲಿ ಅದರಷ್ಟು ಖುಷಿ ಕೊಡುವ ಕಾರುಗಳು ಕಡಿಮೆ. ಏರುದಾರಿ ಬಂದರೆ ಮಾತ್ರ ಏದುಸಿರು ಬಿಡುತ್ತದೆ.

ಕೆಲವರು ಷೆವರ್ಲೆಯ ಎಲ್‌ಎಸ್1 ಹಾಕುತ್ತಾರೆ. 5.7 ಲೀಟರಿನ, ಎಂಟು ಸಿಲಿಂಡರಿನ ವಿ8, 1997ರ ಕಾರ್ವೆಟ್‌ನಲ್ಲಿ 345 ಹಾರ್ಸ್‌ಪವರ್ ಕೊಡುತ್ತಿದ್ದ ಎಂಜಿನ್. ನನಗದು ಹಿಡಿಸುವುದಿಲ್ಲ. ಗೇರ್‌ಬಾಕ್ಸ್, ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್, ಬ್ರೇಕು ಎಲ್ಲ ಬದಲಿಸಿದ ಮೇಲೆ ಮಿಯಾಟಾ ಅಂತ ಉಳಿಯುವುದು ಬಾಡಿ ಅಷ್ಟೇ. ಹೋಂಡಾದ ಕೆ24 ಇದಕ್ಕಿಂತ ಜಾಣ ಆಯ್ಕೆ. 2.4 ಲೀಟರು, ಹೋಂಡಾದ್ದೇ ಆದ ಆಕ್ಯೂರಾ ಟಿಎಸ್‌ಎಕ್ಸ್ ಕಾರಿನದಾದರೆ 200ರಷ್ಟು ಹಾರ್ಸ್‌ಪವರ್. ಮಿಯಾಟಾದ ಹಳೆ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣ, ಇದರದು ಹಗುರವಾದ ಅಲ್ಯೂಮಿನಿಯಂ. ಹಾಗಾಗಿ ಶಕ್ತಿ ಜಾಸ್ತಿಯಾದರೂ ಮೂಗು ಭಾರವಾಗಿ ಕಾರಿನ ನಡೆ ಕೆಡುವುದಿಲ್ಲ.

ಎಂಜಿನ್ ಎತ್ತಿ ಇಳಿಸುವುದು ಸುಲಭದ ಭಾಗ. ಹೋಂಡಾ ಕಾರಿನಲ್ಲಿ ಅಡ್ಡಕ್ಕೆ ಕೂತಿದ್ದ ಎಂಜಿನ್ ಇಲ್ಲಿ ಉದ್ದಕ್ಕೆ ಕೂರಬೇಕು. ಎಂಜಿನ್ ತಳದಲ್ಲಿ ಎಣ್ಣೆ ನಿಲ್ಲುವ ಆಯಿಲ್ ಸಂಪ್ ಕೆಳಗಿನ ಫ್ರೇಮಿಗೆ ತಾಗುತ್ತದೆ. ನೀರಿನ ಹೋಸುಗಳ ದಾರಿ ಬದಲಾಗುತ್ತದೆ. ಗೇರ್‌ಬಾಕ್ಸಿಗೆ ಸೇರಿಸಲು ಅಡಾಪ್ಟರ್ ಪ್ಲೇಟ್ ಬೇಕು. ಇವಕ್ಕೆಲ್ಲ ಕಿಟ್ ಸಿಗುತ್ತದೆ. ವೈರಿಂಗ್‌ಗೆ ಮಾತ್ರ ತಾಳ್ಮೆಯೇ ಬೇಕು. ಒಂದು ಅರ್ತಿಂಗ್ ಸಡಿಲವಿದ್ದರೂ ಸಾಕು, ಸೆನ್ಸರುಗಳ ಲೆಕ್ಕವೆಲ್ಲ ತಪ್ಪುತ್ತದೆ. 1.6 ಲೀಟರ್ ಕಾರಿನ ಡಿಫರೆನ್ಷಿಯಲ್ಲೂ ಈ ಶಕ್ತಿಯನ್ನು ತಾಳುವುದಿಲ್ಲ. 1994ರಿಂದ ಬಂದ 1.8 ಲೀಟರ್ ಕಾರಿನದನ್ನು ಹುಡುಕಿ ಹಾಕಬೇಕು.

ಇಷ್ಟೆಲ್ಲ ಮಾಡಿದವನನ್ನು ಇಲ್ಲಿನ ಕಾನೂನು ಹೇಗೆ ನೋಡುತ್ತದೆ ಅನ್ನುವುದೇ ನನಗೆ ಮುಖ್ಯ. ಹೊಗೆಯ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಬಹಳ ಬಿಗಿ. ಹಾಕುವ ಎಂಜಿನ್ ಕಾರಿನ ವರ್ಷದ್ದೇ ಇರಬೇಕು, ಇಲ್ಲವೇ ಅದಕ್ಕಿಂತ ಹೊಸದು. ಆ ಎಂಜಿನ್ನಿಗೆ ಕಂಪನಿ ಕೊಟ್ಟ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್, ಚೆಕ್ ಎಂಜಿನ್ ದೀಪ ಎಲ್ಲವೂ ಜೊತೆಗೆ ಬಂದು ಕೆಲಸ ಮಾಡಬೇಕು. ಆಮೇಲೆ ಕಾರನ್ನು ರೆಫರಿ, ಅಂದರೆ ಇಂಥ ಕಾರುಗಳನ್ನು ಪರೀಕ್ಷಿಸಲು ರಾಜ್ಯ ಗೊತ್ತುಮಾಡಿದ ತಪಾಸಕರ, ಹತ್ತಿರ ಒಯ್ಯಬೇಕು. ಈ ರೆಫರಿಗಳು ಕೂರುವುದು ಹೆಚ್ಚಾಗಿ ಕಮ್ಯುನಿಟಿ ಕಾಲೇಜುಗಳಲ್ಲಿ. ಒಪ್ಪಿಗೆಯಾದರೆ ಕಾರಿಗೆ ಒಂದು ಲೇಬಲ್ ಅಂಟಿಸುತ್ತಾರೆ. ಮುಂದಿನ ಹೊಗೆ ಪರೀಕ್ಷೆಗಳಿಗೆಲ್ಲ ಅದೇ ಆಧಾರ. ಕಷ್ಟ ಇದೆ, ಆದರೆ ಏನು ಮಾಡಿದರೆ ಪಾಸಾಗುತ್ತೇವೆ ಅಂತ ಮೊದಲೇ ಗೊತ್ತಿರುತ್ತದೆ.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಾಗಿಲು ಹಾಕಿಬಿಟ್ಟಿದೆ. ಕಂಪನಿ ಕೊಟ್ಟ ಮೂಲ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂತೆ ಬದಲಿಸಬಾರದು. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಚಿತವಾಗಿ ಹೇಳಿತು. ಒಪ್ಪಿಗೆ ಪಡೆದ ಕಿಟ್ ಹಾಕಿಸಿ ಸಿಎನ್‌ಜಿ ಮಾಡಿಸಬಹುದು, ಬ್ಯಾಟರಿ ಗಾಡಿ ಮಾಡಿಸಬಹುದು. ಬೇರೆ ಕಂಪನಿಯ ಪೆಟ್ರೋಲ್ ಎಂಜಿನ್ ಹಾಕಿ ತೋರಿಸುತ್ತೇನೆ ಅಂದವನಿಗೆ ಮಾತ್ರ ದಾರಿ ಇಲ್ಲ. ರಸ್ತೆಯ ಸುರಕ್ಷತೆಗಾಗಿ ಮಾಡಿದ ಕಾನೂನು, ಅದರ ಉದ್ದೇಶಕ್ಕೆ ನನ್ನ ತಕರಾರಿಲ್ಲ. ಆದರೆ ಸೈಲೆನ್ಸರ್ ಕಿತ್ತೆಸೆದು ಊರಿಗೆಲ್ಲ ಕೇಳುವಂತೆ ಓಡಿಸುವವನನ್ನೂ, ಪ್ರತಿ ಬೋಲ್ಟನ್ನೂ ಎಷ್ಟು ಬಿಗಿಯಬೇಕೋ ಅಷ್ಟೇ ಅಳೆದು ಬಿಗಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ ಅಲ್ವಾ?

ಅದೂ ಈ ಕೆಲಸ ನಮ್ಮವರಿಗೆ ಹೊಸದೇನಲ್ಲ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿ ದಶಕಗಟ್ಟಲೆ ಓಡಿಸಿದ್ದಾರೆ. ಅವರಿಗೆ ಕಿಟ್ ಎಲ್ಲಿತ್ತು? ಗುಜರಿಯಿಂದ ಎಂಜಿನ್ ತಂದು, ಬೋರ್ ಮಾಡಿಸಿ, ರಿಂಗ್ ಬದಲಿಸಿ, ಲೇತ್ ಅಂಗಡಿಯಲ್ಲಿ ಅಡಾಪ್ಟರ್ ಮಾಡಿಸಿ ಕೂರಿಸಿದವರು ಅವರು. ಇಲ್ಲಿನ ಗೆಳೆಯರಿಗೆ ಇದನ್ನು ಹೇಳಿದರೆ ಬೆರಗಾಗುತ್ತಾರೆ. ಇಲ್ಲಿಯವರ ಒಂದು ಗುಣವೂ ನಮಗೆ ಬರಬೇಕು. ಮೆಕ್ಯಾನಿಕ್ ಕೂಲಿ ದುಬಾರಿ ಅನ್ನುವ ಕಾರಣಕ್ಕೇ ಇರಲಿ, ಮಾಲೀಕನೇ ಕಾರಿನಡಿ ಮಲಗಿ ಕೆಲಸ ಮಾಡುತ್ತಾನೆ, ಮಕ್ಕಳ ಕೈಗೂ ಸ್ಪ್ಯಾನರ್ ಕೊಡುತ್ತಾನೆ. ಆ ಕೆಲಸಕ್ಕೆ ಯಾರೂ ಮೂಗು ಮುರಿಯುವುದಿಲ್ಲ.

ರೆಫರಿ ಕೆಲಸವನ್ನು ನಮ್ಮ ಸರ್ಕಾರಿ ಪಾಲಿಟೆಕ್ನಿಕ್‌ಗಳಿಗೆ ಕೊಡಬಹುದು. ಆಟೊಮೊಬೈಲ್ ವಿಭಾಗ ಇರುವ ಕಡೆ ಮೇಷ್ಟ್ರೂ ಇದ್ದಾರೆ, ವರ್ಕ್‌ಶಾಪೂ ಇದೆ. ಹುಡುಗರಿಗೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಕೇಂದ್ರದ ಕಾಯ್ದೆಯಾದ್ದರಿಂದ ತಿದ್ದುಪಡಿ ದೆಹಲಿಯಲ್ಲೇ ಆಗಬೇಕು, ಆದರೆ ಕೇಳುವ ಕೆಲಸವನ್ನು ಕರ್ನಾಟಕ ಶುರು ಮಾಡಬಹುದು. ಹಳೆಯ ತೋಟದ ಜೀಪುಗಳಿಂದಲೇ ಆರಂಭಿಸಲಿ. ಹೊಗೆ, ಬ್ರೇಕು, ಚಾಸಿಯ ವೆಲ್ಡಿಂಗ್ ಎಲ್ಲವನ್ನೂ ನೋಡಲಿ. ಫೇಲಾದರೆ ರಸ್ತೆಗೆ ಬಿಡಬೇಡಿ. ಪಾಸಾದರೆ ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆದುಕೊಡಿ.