ಸವೆದದ್ದು ಬೆರಳು, ನಿಂತದ್ದು ಅಕ್ಕಿ

ಸಿಮೆಂಟ್ ಕಲಸುವ ಕೈ, ಕಳೆ ಕೀಳುವ ಕೈ, ಮನೆಮನೆಯ ಪಾತ್ರೆ ತಿಕ್ಕುವ ಕೈ, ಎಪ್ಪತ್ತು ದಾಟಿದ ಅಜ್ಜಿಯ ಕೈ. ರೇಷನ್ ಇರೋದೇ ಇವರಿಗೆ, ನ್ಯಾಯಬೆಲೆ ಅಂಗಡಿಯ ಮಷಿನ್ನು ಒಪ್ಪದೆ ಇರೋದೂ ಇವರ ಹೆಬ್ಬೆಟ್ಟನ್ನೇ. ಗೆರೆ ಸವೆದಿರುತ್ತೆ, ಸುಣ್ಣ ಚರ್ಮ ತಿಂದಿರುತ್ತೆ. ಅದಕ್ಕೆ ಬರುವ ಉತ್ತರ, "ತಂಬ್ ಬರ್ತಿಲ್ಲ, ನಾಳೆ ಬನ್ನಿ." ನಾಳೆಗೆ ಗೆರೆ ಮತ್ತೆ ಚಿಗುರುತ್ತಾ ಸ್ವಾಮಿ? ಇನ್ನೊಂದು ದಿನದ ಕೂಲಿ ಹೋಗುತ್ತೆ, ಅಷ್ಟೆ.

ಮಷಿನ್ನು ಸುಮ್ಮನೆ "ಆಗಲ್ಲ" ಅನ್ನೋದಿಲ್ಲ, ನಂಬರ್ ಸಮೇತ ಹೇಳುತ್ತೆ. 300 ಬಂದರೆ ಬೆರಳಚ್ಚು ಹೊಂದಿಲ್ಲ. 330 ಬಂದರೆ ಆಧಾರ್‌ನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಆಗಿದೆ. 811 ಬಂದರೆ ಆ ಆಧಾರ್‌ಗೆ ಬೆರಳಚ್ಚೇ ದಾಖಲಾಗಿಲ್ಲ. ಚಿಕ್ಕವರಿದ್ದಾಗ ಆಧಾರ್ ಮಾಡಿಸಿ, 5 ವರ್ಷ ತುಂಬಿದ ಮೇಲೆ ಬೆರಳು ಕೊಡದ ಮಕ್ಕಳ ಕಥೆ ಇದು. ಒಂದೊಂದಕ್ಕೂ ಬೇರೆ ಬೇರೆ ಮದ್ದು. ಆದರೆ ಕೌಂಟರ್ ಆಚೆಯಿಂದ ಕೇಳಿಸೋದು ಒಂದೇ ಮಂತ್ರ, "ಸರ್ವರ್ ಪ್ರಾಬ್ಲಮ್."

300 ಬಂದಾಗ ಮಾಡಬೇಕಾದ್ದೇನು? ಕೈ ಒರೆಸಿಕೊಳ್ಳಲಿ, ಮಷಿನ್ನಿನ ಗಾಜನ್ನೂ ಒರೆಸಲಿ (ಅದರ ಮೇಲೆ ಇಡೀ ಕ್ಯೂನ ಬೆವರು, ಧೂಳು ಇರುತ್ತೆ). ಹೆಬ್ಬೆಟ್ಟೇ ಆಗಬೇಕಿಲ್ಲ, ಆಧಾರ್‌ನಲ್ಲಿ ಹತ್ತೂ ಬೆರಳು ದಾಖಲಾಗಿವೆ. ಉಂಗುರದ ಬೆರಳು ಕಡಿಮೆ ಸವೆದಿರಬಹುದು, ಒತ್ತಿಸಿ ನೋಡಿ. ಕಾರ್ಡಿನಲ್ಲಿ ಹೆಸರಿರುವ ಮನೆಯ ಇನ್ನೊಬ್ಬರು ಒತ್ತಿದರೂ ನಡೆಯುತ್ತೆ. ಒಟಿಪಿ ದಾರಿಯೂ ಉಂಟು. ಆದರೆ ಆಧಾರ್‌ಗೆ ಕೊಟ್ಟ ಸಿಮ್ಮು ರೀಚಾರ್ಜ್ ಇಲ್ಲದೆ ಸತ್ತು ವರ್ಷವಾಗಿದ್ದರೆ ಆ ಬಾಗಿಲೂ ಬಂದ್.

ಇದ್ಯಾವುದೂ ಆಗದಿದ್ದರೆ? ಅದಕ್ಕೂ ಕಾಗದ ಇದೆ. 2017ರಲ್ಲೇ ಕೇಂದ್ರ ಆಹಾರ ಇಲಾಖೆ ರಾಜ್ಯಗಳಿಗೆ ಬರೆದು ಹೇಳಿದೆ: ಬೆರಳು ಹೊಂದಲಿಲ್ಲ, ನೆಟ್‌ವರ್ಕ್ ಇಲ್ಲ ಅಂತ ಅರ್ಹರನ್ನು ವಾಪಸ್ ಕಳಿಸುವಂತಿಲ್ಲ, ಆಧಾರ್ ಮತ್ತು ರೇಷನ್ ಕಾರ್ಡ್ ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಧಾನ್ಯ ಕೊಡಿ. ಆ ಪುಸ್ತಕ ಕೇಳಿ ನೋಡಿ. "ಯಾವ ಪುಸ್ತಕ?" ಅಂತ ನಿಮ್ಮನ್ನೇ ಕೇಳುತ್ತಾರೆ.

ಹೋಗೋದು ಎಷ್ಟು ಗೊತ್ತಾ? 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ತಲೆಗೆ ತಿಂಗಳಿಗೆ 5 ಕೆಜಿ, ಕಡುಬಡವರ ಅಂತ್ಯೋದಯ ಕಾರ್ಡಿನ ಮನೆಗೆ 35 ಕೆಜಿ. ಕಾಯ್ದೆಯ ಲೆಕ್ಕದಲ್ಲೇ ನಾಲ್ಕು ಜನರ ಮನೆಗೆ 20 ಕೆಜಿ ಖೋತಾ. ಕೊಡಬೇಕಾದ ಧಾನ್ಯ ಕೊಡದಿದ್ದರೆ ಬದಲಿಗೆ ಭತ್ಯೆ ಕೊಡಬೇಕು ಅಂತ ಅದೇ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತೆ. ಹಾಗೆ ಸಿಗಬೇಕಾದರೆ ನೀವು ಅಂಗಡಿಗೆ ಬಂದಿದ್ದಿರಿ ಅನ್ನೋದಕ್ಕೆ ಸಾಕ್ಷಿ ಬೇಕು.

ಮೈ ಉರಿಯೋದು ಇಲ್ಲೇ. ಅಕ್ಕಿ ಕೊಟ್ಟರೆ ಮಷಿನ್ನು ಚೀಟಿ ಉಗುಳುತ್ತೆ. ವಾಪಸ್ ಕಳಿಸಿದ್ದಕ್ಕೆ ಕೈಗೆ ಯಾವ ಚೀಟಿಯೂ ಬರೋದಿಲ್ಲ. ನಾಲ್ಕು ಸಲ ಬಂದು ಬರಿಗೈಯಲ್ಲಿ ಹೋದವರೂ ತಿಂಗಳ ಕೊನೆಗೆ "ರೇಷನ್ ಎತ್ತಿಲ್ಲ" ಅನ್ನೋ ಪಟ್ಟಿಯಲ್ಲೇ. ಕೇಂದ್ರದ ಪಡಿತರ ನಿಯಂತ್ರಣ ಆದೇಶಕ್ಕೆ ತಂದ 2025ರ ತಿದ್ದುಪಡಿಯ ಪ್ರಕಾರ ಆರು ತಿಂಗಳು ರೇಷನ್ ಎತ್ತದಿದ್ದರೆ ಕಾರ್ಡು ತಾತ್ಕಾಲಿಕವಾಗಿ ಬಂದ್. ಕೊಡದೆ ಕಳಿಸೋರು ಇವರು, "ನಿಮಗೆ ಬೇಡವಾಗಿತ್ತೇನೋ" ಅನ್ನೋರೂ ಇವರೇ!

ಹಾಗಾಗಿ ಪರದೆಯ ಫೋಟೋ ತೆಗೆಯಿರಿ, ನಂಬರ್ ಕಾಣಬೇಕು. ಅಂಗಡಿ ನಂಬರ್, ಕಾರ್ಡ್ ನಂಬರ್, ದಿನ, ಹೊತ್ತು ಬರೆದುಕೊಂಡು ಅಲ್ಲೇ ನಿಂತು 1967ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಕೇಳಿ ತಗೊಳ್ಳಿ. ಆಮೇಲೆ ಅದನ್ನೇ ಬರೆದು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕೋಕೂ ನಾಳೆ ಬನ್ನಿ ಅಂದರೆ, ಅದನ್ನೂ ಬರೆದಿಡಿ.