‘ಮೈಗೆ ಒಗ್ಗಲಿಲ್ಲ’ ಎಂಬ ಮಾತಿನೊಳಗೆ ಏನೇನಿದೆ

2015ರ ಏಪ್ರಿಲ್‌ನಲ್ಲಿ, ಮಗನಿಗೆ ಒಂದೂವರೆ ವರ್ಷ ತುಂಬಿದ ಮೇಲೆ, ನಾನು ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳಲು ಆರಂಭಿಸಿದೆ. ಜಮಖಂಡಿಯ ಔಷಧಿ ಅಂಗಡಿಯೊಂದರಿಂದ ನನ್ನ ಯಜಮಾನರು ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಸಿಕೊಂಡು ತಂದಿದ್ದರು. ಅಂಗಡಿಯವರು ಹೇಳಿಕೊಟ್ಟಿದ್ದು ಇಷ್ಟೇ: “ದಿನಾ ರಾತ್ರಿ ಒಂದು, ತಪ್ಪಿಸಬ್ಯಾಡ್ರಿ.” ರಕ್ತದೊತ್ತಡ ನೋಡಿದವರಿಲ್ಲ, ಹಿಂದೆ ಯಾವುದಾದರೂ ಕಾಯಿಲೆ ಇತ್ತೇ ಎಂದು ಕೇಳಿದವರಿಲ್ಲ. ಪಟ್ಟಿಯೊಳಗೆ ಮಡಚಿಟ್ಟಿದ್ದ ಕಾಗದವು ಇಂಗ್ಲಿಷಿನಲ್ಲಿತ್ತು. ಅದರ ಅಕ್ಷರಗಳು ಎಷ್ಟು ಸಣ್ಣದಾಗಿದ್ದವೆಂದರೆ, ಇಂಗ್ಲಿಷ್ ಬಲ್ಲ ನಾನೂ ಅದನ್ನು ಓದದೆ ಹಾಗೆಯೇ ಮಡಚಿಟ್ಟೆ.

ಶಾಲೆ ಆರಂಭವಾದ ಮೇಲೆ, ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಪದ್ಯ ಓದಿಸುತ್ತಿದ್ದಾಗ, ಪುಸ್ತಕದ ಸಾಲಿನ ನಡುವೆ ಬೆಳಕಿನ ಚುಕ್ಕೆಯೊಂದು ಕಾಣಿಸಿತು. ಅದು ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಮಿನುಗುತ್ತ, ಬಲಗಡೆಗೆ ಹರಡುತ್ತ, ಅರ್ಧ ಪುಟದ ಅಕ್ಷರಗಳನ್ನು ನುಂಗಿಬಿಟ್ಟಿತು. ಇಪ್ಪತ್ತು ನಿಮಿಷಗಳ ಬಳಿಕ ಬೆಳಕು ಮರೆಯಾಗಿ, ಎಡಗಡೆಯ ಕಣತಲೆ ಸಿಡಿಯತೊಡಗಿತು. ಆಮೇಲೆ ತಿಂಗಳಿಗೆ ಎರಡು ಸಲವಾದರೂ ಹೀಗಾಗುತ್ತಿತ್ತು. “ಪಿತ್ತ ಆಗೇತಿ” ಎಂದು ಅತ್ತೆಯವರು ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟರು. ಊರಿನ ವೈದ್ಯರೊಬ್ಬರು, “ಮನಿ, ಸಾಲಿ ಎರಡೂ ನೋಡ್ತೀರಿ, ಟೆನ್ಶನ್ ಆಗೇತ್ರಿ, ಭಾಳ ವಿಚಾರ ಮಾಡಬ್ಯಾಡ್ರಿ” ಎಂದು ನೋವಿನ ಗುಳಿಗೆ ಬರೆದುಕೊಟ್ಟರು. ಹೀಗೆಯೇ ಏಳು ತಿಂಗಳು ಕಳೆದವು.

ಕೊನೆಗೆ ಬಾಗಲಕೋಟೆಯ ಒಬ್ಬ ವೈದ್ಯೆ ಆ ಒಂದು ಪ್ರಶ್ನೆಯನ್ನು ಕೇಳಿದರು: “ತಲಿನೋವು ಬರೂಕಿಂತ ಮದ್ಲ ಕಣ್ಣ ಮುಂದ ಏನರ ಮಿಂಚಿದಂಗ ಆಗ್ತದೇನ್ರಿ?” ಹೌದೆಂದೆ. “ಬ್ಯಾರೆ ಏನರ ಗುಳಿಗಿ ತಗೋತೀರೇನು?” ಇಲ್ಲವೆಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಗುಳಿಗೆಯನ್ನು ಔಷಧಿಯೆಂದು ನಾನು ಎಣಿಸಿರಲೇ ಇಲ್ಲ, ಮೇಲಾಗಿ ಮಾವನವರು ಪಕ್ಕದಲ್ಲಿಯೇ ಕುಳಿತಿದ್ದರು. ಅವರು ಮಾವನವರನ್ನು ಹಣ ಕಟ್ಟಿ ಬರುವಂತೆ ಹೊರಗೆ ಕಳುಹಿಸಿ, ಬಾಗಿಲು ಮುಂದೆ ಮಾಡಿ, ಮತ್ತೆ ಅದೇ ಪ್ರಶ್ನೆಯನ್ನು ಕೇಳಿದರು. ಆಗ ಹೇಳಿದೆ. ಅಂದಿನಿಂದಲೇ ಆ ಗುಳಿಗೆ ನಿಂತಿತು.

ಕಾರಣವನ್ನು ಆಮೇಲೆ ತಿಳಿದುಕೊಂಡೆ. ಸಾಮಾನ್ಯವಾಗಿ ಸಿಗುವ ಈ ಗುಳಿಗೆಗಳಲ್ಲಿ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳಿರುತ್ತವೆ. ಮಾಲಾ-ಡಿ ಪಟ್ಟಿಯಲ್ಲಿ ಅಂತಹ 21 ಗುಳಿಗೆಗಳಿದ್ದು, ಉಳಿದ 7 ಕಬ್ಬಿಣಾಂಶದವು. ಈಸ್ಟ್ರೋಜೆನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ತುಸು ಹೆಚ್ಚಿಸುತ್ತದೆ. ಕಣ್ಣ ಮುಂದೆ ಬೆಳಕು ಮಿನುಗಿ ಬರುವ ಮೈಗ್ರೇನ್ ಇರುವವರಲ್ಲಿ ಪಾರ್ಶ್ವವಾಯುವಿನ ಸಾಧ್ಯತೆ ಮೊದಲೇ ಉಳಿದವರಿಗಿಂತ ಹೆಚ್ಚಿರುತ್ತದೆ. ಎರಡೂ ಕೂಡಬಾರದೆಂದು, ಅಂಥವರಿಗೆ ಈ ಗುಳಿಗೆಯನ್ನು ಕೊಡಲೇಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ರಕ್ತದೊತ್ತಡ ಬಹಳ ಹೆಚ್ಚಿರುವವರಿಗೂ, ಕಾಲಿನ ರಕ್ತನಾಳದಲ್ಲಿ ಹಿಂದೆ ಹೆಪ್ಪುಗಟ್ಟಿದವರಿಗೂ ಇದೇ ಮಾತು ಅನ್ವಯಿಸುತ್ತದೆ. ಕ್ಷಯದ ಔಷಧಿ ರಿಫಾಂಪಿಸಿನ್ ತೆಗೆದುಕೊಳ್ಳುವವರಲ್ಲಿ ಗುಳಿಗೆಯ ಪರಿಣಾಮವೇ ತಗ್ಗುತ್ತದೆ. ಇವೆಲ್ಲವನ್ನೂ ವಿಚಾರಿಸಲು ಐದು ನಿಮಿಷ ಸಾಕು.

ನಾನು ಗುಳಿಗೆಯ ವಿರೋಧಿಯಲ್ಲ. ಬಹಳಷ್ಟು ಹೆಣ್ಣುಮಕ್ಕಳಿಗೆ ಇದು ಯಾವ ತೊಂದರೆಯನ್ನೂ ಕೊಡುವುದಿಲ್ಲ. ವರ್ಷವೊಂದರಲ್ಲಿ ಗುಳಿಗೆ ತೆಗೆದುಕೊಳ್ಳದ 10,000 ಮಹಿಳೆಯರಲ್ಲಿ ಸುಮಾರು ಇಬ್ಬರಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ತೊಂದರೆ ಬಂದರೆ, ಮಾಲಾ-ಡಿಯಲ್ಲಿರುವಂತಹ ಲೆವೊನೊರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ ಇರುವ ಗುಳಿಗೆ ತೆಗೆದುಕೊಳ್ಳುವವರಲ್ಲಿ ಐದರಿಂದ ಏಳು ಮಂದಿಗೆ ಬರುತ್ತದೆ. ಬಸಿರು ಮತ್ತು ಬಾಣಂತನದಲ್ಲಿ ಈ ಅಪಾಯ ಅದಕ್ಕಿಂತಲೂ ಹೆಚ್ಚು. ಆದ್ದರಿಂದ ಹೆದರಿಸುವುದು ನನ್ನ ಉದ್ದೇಶವಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು “ಗುಳಿಗಿ ಮೈಗೆ ಒಗ್ಗಲಿಲ್ಲ” ಎಂದು ಹೇಳಿದಾಗ, ಒಗ್ಗದಿದ್ದದ್ದು ಏನು, ಹೇಗೆ, ಎಂದಿನಿಂದ ಎಂದು ಯಾರೂ ಮುಂದೆ ಕೇಳುವುದಿಲ್ಲವೆಂಬುದೇ ನನ್ನ ಸಂಕಟ. ಆ ಎರಡು ಪದಗಳೊಳಗೆ ವಾಕರಿಕೆ ಇರಬಹುದು, ಎದೆಬಿಗಿತ ಇರಬಹುದು, ಕೆನ್ನೆಯ ಮೇಲಿನ ಬಂಗು ಇರಬಹುದು, ಕಾರಣವಿಲ್ಲದೆ ಬರುವ ಅಳು ಇರಬಹುದು, ಗಂಡನಿಗೂ ಹೇಳಲಾಗದ ನಿರಾಸಕ್ತಿ ಇರಬಹುದು. ಕೆಲವು ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಕಡಿಮೆಯಾಗುವಂಥವು, ಕೆಲವು ಅಂದೇ ಗುಳಿಗೆ ನಿಲ್ಲಿಸಬೇಕಾದಂಥವು. ಯಾವುದು ಯಾವುದೆಂದು ಅವಳಿಗೆ ತಿಳಿಸುವವರು ಬೇಕು.

ಮನಸ್ಸಿನ ವಿಷಯವನ್ನಂತೂ ಎಲ್ಲರೂ ತಳ್ಳಿಹಾಕುತ್ತಾರೆ. ಡೆನ್ಮಾರ್ಕಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾರ್ಮೋನ್ ಗರ್ಭನಿರೋಧಕ ಬಳಸುವವರು, ಅದರಲ್ಲೂ ಹದಿಹರೆಯದವರು, ಖಿನ್ನತೆಗೆ ಔಷಧಿ ಆರಂಭಿಸುವ ಪ್ರಮಾಣ ಹೆಚ್ಚಿರುವುದು ಕಂಡುಬಂದಿತ್ತು. ಗುಳಿಗೆಯೇ ಕಾರಣವೆಂದು ಅದರಿಂದ ಸಿದ್ಧವಾಗುವುದಿಲ್ಲ, ನಿಜ. ಆದರೆ “ಎಲ್ಲಾ ನಿನ್ನ ಭ್ರಮಿ” ಎಂದು ಹೇಳುವ ಅಧಿಕಾರವೂ ಯಾರಿಗೂ ಉಳಿಯುವುದಿಲ್ಲ.

ಬನಹಟ್ಟಿಯಲ್ಲಿರುವ ನನ್ನ ನಾದಿನಿಯ ಸಂಗತಿಯನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮನೆಯಲ್ಲಿ ಪವರ್‌ಲೂಮ್ ಇದೆ, ಕಂಡಿಕೆ ಸುತ್ತುವ ಕೆಲಸ ಅವಳದು. ಎರಡನೆಯ ಹೆರಿಗೆಯ ನಂತರ ಅವಳು ‘ಅಂತರಾ’ ಎಂಬ ಗರ್ಭನಿರೋಧಕ ಚುಚ್ಚುಮದ್ದು ಹಾಕಿಸಿಕೊಂಡಳು. ಮೂರು ತಿಂಗಳಿಗೊಮ್ಮೆ ಕೊಡುವ ಈ ಚುಚ್ಚುಮದ್ದನ್ನು ಸರ್ಕಾರ 2017ರಿಂದ ಉಚಿತವಾಗಿ ಕೊಡುತ್ತಿದೆ. ಮೊದಲ ಚುಚ್ಚುಮದ್ದಿನ ಬಳಿಕ ಅವಳಿಗೆ 23 ದಿನ ಸ್ವಲ್ಪ ಸ್ವಲ್ಪವಾಗಿ ರಕ್ತ ಹೋಯಿತು. ವೈದ್ಯಕೀಯ ಪುಸ್ತಕಗಳು ಇದನ್ನು ಸಣ್ಣ ಅಡ್ಡಪರಿಣಾಮವೆಂದು ಕರೆಯುತ್ತವೆ. ಆದರೆ ಅದು ಶ್ರಾವಣ ಮಾಸ. 23 ದಿನ ಅವಳು ದೇವರ ಕೋಣೆಗೆ ಹೋಗುವಂತಿರಲಿಲ್ಲ, ನೈವೇದ್ಯದ ಅಡಿಗೆ ಮುಟ್ಟುವಂತಿರಲಿಲ್ಲ. ಸೋಮವಾರದ ಪೂಜೆಗೆ ಬಂದ ಓಣಿಯ ಹೆಂಗಸರಿಗೆಲ್ಲ ಅವಳು ಹೊರಗೆ ಕುಳಿತಿರುವುದು ತಿಳಿಯಿತು. ಎರಡನೆಯ ಚುಚ್ಚುಮದ್ದಿನ ನಂತರ ಮುಟ್ಟು ಪೂರ್ತಿ ನಿಂತುಹೋಯಿತು. “ವೈನಿ, ಹೊಲಸ ರಗತ ಎಲ್ಲಾ ಒಳಗ ಉಳದೈತಿ ಅಂತಾರ, ಖರೇ ಏನು?” ಎಂದು ಅವಳು ಫೋನಿನಲ್ಲಿ ಅಳುತ್ತ ಕೇಳಿದಳು. ಒಳಗೆ ಉಳಿಯಲು ಅಲ್ಲಿ ಏನೂ ಇರುವುದಿಲ್ಲ. ಚುಚ್ಚುಮದ್ದಿನಲ್ಲಿರುವ ಹಾರ್ಮೋನು ಗರ್ಭಕೋಶದ ಒಳಪದರವನ್ನು ತೆಳುವಾಗಿಸುವುದರಿಂದ ಉದುರಿ ಬರುವಂಥದ್ದೇ ಉಂಟಾಗುವುದಿಲ್ಲ. ಈ ಒಂದು ವಾಕ್ಯವನ್ನು ಸೂಜಿ ಚುಚ್ಚುವ ಮೊದಲು ಹೇಳಿದ್ದರೆ ಅವಳ ಅಷ್ಟೂ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು. ಹೆದರಿ ಚುಚ್ಚುಮದ್ದು ಬಿಟ್ಟ ಮೇಲೂ ಮುಟ್ಟು ಕೂಡಲೇ ಮರಳಲಿಲ್ಲ. ಕೊನೆಯ ಚುಚ್ಚುಮದ್ದಿನ ಬಳಿಕ ಗರ್ಭಧಾರಣೆಯ ಶಕ್ತಿ ಮರಳಲು ಸರಾಸರಿ ಏಳರಿಂದ ಹತ್ತು ತಿಂಗಳು ಹಿಡಿಯುತ್ತದೆಂದು ತಿಳಿಯದ ಅವಳ ಅತ್ತೆ, “ಗರ್ಭಾ ಒಣಗಿ ಹೋತು” ಎಂದು ಬಂಧುಬಳಗಕ್ಕೆಲ್ಲ ಹೇಳಿದರು.

ಇಂತಹ ಅನುಭವಗಳ ಬಳಿಕ ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಉಳಿಯುವ ದಾರಿ ಆಪರೇಶನ್ ಒಂದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಪುರುಷರ ಶಸ್ತ್ರಚಿಕಿತ್ಸೆ ಇಡೀ ದೇಶದಲ್ಲಿ ಶೇ 0.3. ನನ್ನ ಜೊತೆಯ ಶಿಕ್ಷಕಿಯರಲ್ಲಿ, ಓಣಿಯವರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ ಆಪರೇಶನ್ ಮಾಡಿಸಿಕೊಂಡವರು ಎಷ್ಟೋ ಮಂದಿ ಇದ್ದಾರೆ. ಕಾರಣ ಕೇಳಿದರೆ ಅದೇ ಉತ್ತರ ಬರುತ್ತದೆ: ಗುಳಿಗಿ ಮೈಗೆ ಒಗ್ಗಲಿಲ್ಲ. ಒಂದು ವಿಧಾನ ಒಗ್ಗದಿದ್ದರೆ ಇನ್ನೊಂದು ಇದೆಯೆಂದು, ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲವೆಂದು, ನಿರೋಧ್ ಬಳಸುವ ಹೊಣೆ ಗಂಡನದೂ ಹೌದೆಂದು ಅವರಿಗೆ ಯಾರಾದರೂ ಕೂಡಿಸಿ ಹೇಳಿದ್ದರೇ?

ಹೇಳದೆ ಕೊಡುವ ಈ ರೂಢಿ ಹಳೆಯದು. ಅಮೆರಿಕದಲ್ಲಿ 1960ರಲ್ಲಿ ಅನುಮತಿ ಪಡೆದ ಮೊದಲ ಗುಳಿಗೆಯಲ್ಲಿ ಹಾರ್ಮೋನಿನ ಪ್ರಮಾಣ ಇಂದಿನದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಅದರ ಅಪಾಯಗಳ ಬಗ್ಗೆ 1970ರಲ್ಲಿ ಅಲ್ಲಿನ ಸೆನೆಟ್ ವಿಚಾರಣೆ ನಡೆಸಿದಾಗ, ಗುಳಿಗೆ ನುಂಗಿದ ಹೆಣ್ಣುಮಕ್ಕಳನ್ನು ಸಾಕ್ಷಿಗೆ ಕರೆದಿರಲಿಲ್ಲ; ಸಭೆಯಲ್ಲಿದ್ದ ಯುವತಿಯರು ಎದ್ದು ನಿಂತು ಪ್ರಶ್ನಿಸಿದರು. ಅದೇ ವರ್ಷ ಪ್ರತಿ ಪಟ್ಟಿಯ ಜೊತೆ ತಿಳಿವಳಿಕೆಯ ಕಾಗದ ಇಡಬೇಕೆಂಬ ಆದೇಶ ಬಂತು. ನಮ್ಮಲ್ಲಿ ನೆಟ್-ಎನ್ ಎಂಬ ಗರ್ಭನಿರೋಧಕ ಚುಚ್ಚುಮದ್ದಿನ ಪ್ರಯೋಗದ ವಿರುದ್ಧ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆ ಮತ್ತು ಇತರ ಮಹಿಳಾ ಸಂಘಟನೆಗಳು 1986ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. ನಾನು ಓದದೆ ಮಡಚಿಟ್ಟ ಕಾಗದದ ಹಿಂದೆ ಇಷ್ಟು ಹೋರಾಟವಿದೆಯೆಂದು ತಿಳಿದಾಗಿನಿಂದ, ಆ ಕಾಗದ ಕನ್ನಡದಲ್ಲಿ, ಅಜ್ಜಿಯ ಕಣ್ಣಿಗೂ ಕಾಣುವಷ್ಟು ದೊಡ್ಡ ಅಕ್ಷರಗಳಲ್ಲಿ ಇರಲೇಬೇಕೆಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ನಾದಿನಿಗೆ ಒಂಬತ್ತನೆಯ ತಿಂಗಳಿಗೆ ಮುಟ್ಟು ಮರಳಿತು. ಈಗ ಅವಳು, ಆಶಾ ಕಾರ್ಯಕರ್ತೆಯಾದ ಅಕ್ಕ ಮನೆಗೆ ಬಂದು ಅರ್ಧ ತಾಸು ಕುಳಿತು ವಿವರಿಸಿದ ಮೇಲೆ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ‘ಛಾಯಾ’ ಗುಳಿಗೆ ತೆಗೆದುಕೊಳ್ಳುತ್ತಿದ್ದಾಳೆ. ಅದು ಹಾರ್ಮೋನಲ್ಲ, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಮುಟ್ಟು ತಡವಾಗಬಹುದೆಂದು ಅಕ್ಕ ಮೊದಲೇ ಹೇಳಿದ್ದಾರೆ. ಕಳೆದ ವಾರ ಹೋದಾಗ ಅಡಿಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಿದೆ: ಪ್ರತಿ ರವಿವಾರ ಮತ್ತು ಬುಧವಾರದ ಮೇಲೆ ಕುಂಕುಮದ ಒಂದೊಂದು ಬೊಟ್ಟು. ಅವಳ ಅತ್ತೆ ಅಲ್ಲಿಯೇ ರೊಟ್ಟಿ ಬಡಿಯುತ್ತ, “ಇವತ್ತ ಬುಧವಾರ ಐತಿ, ಗುಳಿಗಿ ನುಂಗಿದಿ?” ಎಂದು ಕೇಳಿದರು.