ಬಡಿಸಿಟ್ಟ ಊಟ ಬಿಟ್ಟು ಶಾಪಿಂಗ್ ಮಾಡಿದವರು ಆ ಮನೆಗೆ ಒಂದು ಸ್ಟಾರ್ ಕೊಟ್ಟಿದ್ದಾರೆ

ಮೊನ್ನೆ ನನ್ನ ಗೆಳತಿ ಒಂದು ಲಿಂಕ್ ಕಳಿಸಿದಳು. ಏಪ್ರಿಲ್‌ನಲ್ಲಿ ನಾವೆಲ್ಲ ಜಪಾನಿನ ಬಿಸಿನೀರ ಬುಗ್ಗೆಗಳ ಊರು ಕುಸಾತ್ಸುವಿನಲ್ಲಿ ಉಳಿದುಕೊಂಡಿದ್ದ ರಿಯೋಕಾನ್, ಅಂದರೆ ಹಳೇ ಪದ್ಧತಿಯ ವಸತಿಗೃಹದ ಬಗ್ಗೆ ಅವಳೇ ಬರೆದ ರಿವ್ಯೂ. ಒಂದು ಸ್ಟಾರ್. "ಸಸ್ಯಾಹಾರಿಗಳಿಗೆ ತಿನ್ನೋಕೆ ಏನೂ ಇಲ್ಲ. ನೀರಿನಿಂದ ನಮ್ಮ ಬೆಳ್ಳಿ ಹಾಳಾಯಿತು. ದುಡ್ಡು ದಂಡ." ಓದಿ ಮೈ ಉರಿದುಹೋಯಿತು. ಮೂರು ದಿನ ಸುಮ್ಮನಿದ್ದೆ. ಇನ್ನು ಆಗಲ್ಲ.

ನಾನು ಯೊಕೊಹಾಮಾದಲ್ಲಿ ಆರು ವರ್ಷದಿಂದ ಇದ್ದೇನೆ. ಊರಿಂದ ಯಾರೇ ಬಂದರೂ ಬುಕಿಂಗ್ ನನ್ನ ತಲೆಗೇ. ಅದರ ಬಗ್ಗೆ ಬೇಜಾರಿಲ್ಲ, ಖುಷಿಯಿಂದಲೇ ಮಾಡುತ್ತೇನೆ. ಗೆಳತಿ, ಅವಳ ಗಂಡ, ಎರಡು ಮಕ್ಕಳು, ಅತ್ತೆ, ನಾದಿನಿ, ನಾದಿನಿಯ ಗಂಡ, ಜೊತೆಗೆ ನಾನು, ಒಟ್ಟು ಎಂಟು ಜನ. "ದೊಡ್ಡ ಹೋಟೆಲ್ ಬೇಡ ಕಣೇ, ಹಳೇ ಕಾಲದ್ದು, ಚಾಪೆ ಮೇಲೆ ಮಲಗೋದು, ಬಿಸಿನೀರ ಬುಗ್ಗೆ ಇರೋದು ನೋಡು" ಅಂದವಳು ಅವಳೇ. ಹಾಗಾಗಿ ಏಳೇ ಕೋಣೆಯ ಒಂದು ಪುಟ್ಟ ಜಾಗ ಹುಡುಕಿದೆ. ಅದು ಹೋಟೆಲ್ಲಲ್ಲ, ಮನೆ. ಎಪ್ಪತ್ತರ ಹತ್ತಿರದ ಒಕಾಮಿ, ಅಂದರೆ ಮನೆಯೊಡತಿ. ಅಡುಗೆಗೆ ಮಗ. ಹಾಸಿಗೆ, ಗುಡಿಸೋದು, ಒರೆಸೋದು ಎಲ್ಲ ಸೊಸೆ. ಅಷ್ಟೇ ಜನ.

ನಮ್ಮಲ್ಲಿ ಏಳು ಜನ ಸಸ್ಯಾಹಾರಿಗಳು, ಅತ್ತೆಯವರಿಗೆ ಈರುಳ್ಳಿ ಬೆಳ್ಳುಳ್ಳಿಯೂ ಆಗಲ್ಲ. ಜಪಾನಿನಲ್ಲಿ ಇದು ಸಣ್ಣ ಮಾತಲ್ಲ. ಮೀನು, ಮಾಂಸದ ತುಂಡು ತೆಗೆದುಬಿಟ್ಟರೆ ಮುಗಿಯಲ್ಲ. ಇಲ್ಲಿನ ಅಡುಗೆಗೆ ಬುಡವೇ ದಾಶಿ, ನಮ್ಮ ಸಾರಿಗೆ ಬೇಳೆಕಟ್ಟು ಇದ್ದ ಹಾಗೆ. ಒಣಗಿಸಿ ಹೊಗೆ ಹಿಡಿಸಿದ ಮೀನನ್ನು ತೆಳ್ಳಗೆ ಹೆರೆದು ಬಿಸಿನೀರಿಗೆ ಹಾಕಿ ತೆಗೆಯುವ ರಸ ಅದು. ಸೂಪಿಗೂ ಅದೇ, ಬೇಯಿಸಿದ ತರಕಾರಿಗೂ ಅದೇ, ಟೆಂಪುರಾ, ಅಂದರೆ ಅವರ ಬಜ್ಜಿ, ಅದ್ದಿಕೊಳ್ಳುವ ನೀರಿಗೂ ಅದೇ. ಅದಕ್ಕೇ ಬಹಳ ಕಡೆ ಸಸ್ಯಾಹಾರ ಅಂದ ಕೂಡಲೇ ಕ್ಷಮೆ ಕೇಳಿ ಫೋನ್ ಇಡುತ್ತಾರೆ. ಈ ಒಕಾಮಿ ಇಡಲಿಲ್ಲ. ನಾನು ಮೂರು ಸಲ ಫೋನ್ ಮಾಡಿ ಮಾತಾಡಿದೆ. ಮೊಟ್ಟೆ ಆಗುತ್ತಾ, ಜೇನುತುಪ್ಪ ಆಗುತ್ತಾ, ಈರುಳ್ಳಿ ಯಾರಿಗೆ ಬೇಡ ಅಂತ ಒಂದೊಂದೇ ಕೇಳಿ ಬರೆದುಕೊಂಡರು. "ಹಾಗಾದರೆ ಶೋಜಿನ್ ರಿಯೋರಿ ಥರ ಮಾಡ್ತೀವಿ" ಅಂದರು. ಅದು ಬೌದ್ಧ ದೇವಸ್ಥಾನಗಳ ಅಡುಗೆ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರಲ್ಲ. ದಾಶಿಯನ್ನು ಬರೀ ಕೊಂಬು ಅನ್ನೋ ಸಮುದ್ರದ ಪಾಚಿ ಮತ್ತು ಒಣ ಅಣಬೆಯಲ್ಲಿ ಬೇರೆಯಾಗಿಯೇ ತೆಗೆದರು. ಇದಕ್ಕೆಲ್ಲ ಒಂದು ಯೆನ್ ಜಾಸ್ತಿ ಕೇಳಲಿಲ್ಲ.

ಅವತ್ತು ನಾನು ಎಲ್ಲರ ದೊಡ್ಡ ಸೂಟ್‌ಕೇಸ್ ಅಲ್ಲೇ ನನ್ನ ಮನೆಯಲ್ಲಿ ಬಿಡಿಸಿ, ಟೋಕಿಯೋದ ಉಯೆನೋದಿಂದ ಎಕ್ಸ್‌ಪ್ರೆಸ್ ರೈಲು ಹಿಡಿದು ನಾಗಾನೊಹಾರಾ ಕುಸಾತ್ಸುಗುಚಿ ಸ್ಟೇಷನ್ನಿಗೆ, ಅಲ್ಲಿಂದ ಬಸ್ಸಲ್ಲಿ ಮೇಲಕ್ಕೆ ಬಂದೆ. ಉಳಿದವರು ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಕರುಯಿಜಾವಾಕ್ಕೆ ಬಂದು, ಅಸಾಮಾ ಬೆಟ್ಟ ನೋಡಿಕೊಂಡು, ಬಸ್ಸಲ್ಲಿ ನಾಲ್ಕರೊಳಗೆ ಬರುವುದು ಅಂತ ಮಾತು. ಊಟ ಆರೂವರೆಗೆ. ಇಂಥ ಮನೆಗಳಲ್ಲಿ ಊಟದ ಹೊತ್ತು ಅಂದರೆ ಹೊತ್ತೇ. ಇದನ್ನು ನಾನು ಗ್ರೂಪಲ್ಲಿ ಎರಡು ಸಲ ಬರೆದಿದ್ದೆ.

ಕರುಯಿಜಾವಾ ಸ್ಟೇಷನ್ ಪಕ್ಕದಲ್ಲೇ ದೊಡ್ಡ ಔಟ್‌ಲೆಟ್ ಮಾಲ್ ಇದೆ. ನಾಲ್ಕಕ್ಕೆ ಫೋನ್ ಮಾಡಿದರೆ "ಇನ್ನೊಂದೇ ಅಂಗಡಿ ಕಣೇ" ಅಂದಳು. ಐದೂವರೆಗೂ ಅದೇ ಮಾತು. ಆಮೇಲೆ ಫೋನೇ ಎತ್ತಲಿಲ್ಲ.

ಆರೂವರೆಗೆ ಊಟದ ಕೋಣೆಗೆ ಹೋದೆ. ಎಂಟು ಜನಕ್ಕೆ ಇಟ್ಟಿದ್ದರು. ಸಸ್ಯಾಹಾರಿಗಳ ಏಳು ಜಾಗದಲ್ಲೂ ಒಂದೊಂದು ಚೀಟಿ, ಅದರ ಮೇಲೆ ಬ್ರಶ್ಶಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ನೋ ಫಿಶ್' ಅಂತ ಬರೆದದ್ದು. ಅತ್ತೆಯವರ ಚೀಟಿಯಲ್ಲಿ ಅದರ ಕೆಳಗೆ ಒಂದು ಈರುಳ್ಳಿ ಚಿತ್ರ ಬಿಡಿಸಿ ಅಡ್ಡಗೆರೆ ಹಾಕಿದ್ದರು. ಎಳ್ಳಿನ ತೋಫು ಇತ್ತು. ಎಳ್ಳು ಅರೆದು ಹಾಲು ತೆಗೆದು, ಕುಜು ಅನ್ನೋ ಗಡ್ಡೆಯ ಹಿಟ್ಟು ಹಾಕಿ, ಕೈ ಬಿಡದೆ ಮಗುಚಬೇಕು. ಥೇಟ್ ನಮ್ಮ ಹಾಲುಬಾಯಿ ಮಾಡೋ ಹಾಗೆ. ಮಗ ಬೆಳಿಗ್ಗೆಯೇ ಮಾಡಿ ತಣಿಯಲು ಇಟ್ಟಿದ್ದನಂತೆ. ಕೊನ್ಯಾಕು ಇತ್ತು, ಅದು ಗಡ್ಡೆಯ ಹಿಟ್ಟಿನಲ್ಲಿ ಮಾಡೋ ಜೆಲ್ಲಿಯಂಥದ್ದು; ಜಪಾನಿನ ಕೊನ್ಯಾಕು ಗಡ್ಡೆಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ಈ ಗುನ್ಮಾ ಸೀಮೆಯಲ್ಲೇ ಬೆಳೆಯೋದು. ಮುಚ್ಚಳ ಹಾಕಿದ, ಅರಗಿನಂಥ ಮೆರುಗು ಹಚ್ಚಿದ ಬಟ್ಟಲಲ್ಲಿ ಸೂಪು. ಟೆಂಪುರಾಕ್ಕೆ ಮೈತಾಕೆ ಅಣಬೆ ಮತ್ತು ಆಗಷ್ಟೇ ಚಿಗುರಿದ ಕಾಡುಸೊಪ್ಪು ಹೆಚ್ಚಿಟ್ಟುಕೊಂಡು ಮಗ ಎಣ್ಣೆ ಕಾಯಿಸಿ ನಿಂತಿದ್ದ. ಏಳಕ್ಕೆ ಒಲೆ ಆರಿಸಿದ. ಏಳೂವರೆಗೆ ಮತ್ತೆ ಹೊತ್ತಿಸಿದ. ಎಂಟಕ್ಕೆ ಮತ್ತೆ ಆರಿಸಿದ. ಒಕಾಮಿ ಬಂದು ಬಂದು ಬಾಗಿಲಲ್ಲಿ ಮಂಡಿಯೂರಿ "ದಾರಿಯಲ್ಲಿ ಏನೂ ತೊಂದರೆ ಆಗಿಲ್ಲ ತಾನೇ?" ಅಂತ ಕೇಳುತ್ತಿದ್ದರು. ಅವರಿಗೆ ಆಕ್ಸಿಡೆಂಟ್ ಭಯ. ಔಟ್‌ಲೆಟ್‌ನಲ್ಲಿ ಇದ್ದಾರೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಕೊನೆಗೆ ನನ್ನೊಬ್ಬಳಿಗೆ ಬಡಿಸಿ ಅಂದೆ. ಸೂಪಿನ ಮುಚ್ಚಳ ಎತ್ತಿದರೆ ಬರಲಿಲ್ಲ. ಬಿಸಿ ಸೂಪು ಆರಿದರೆ ಒಳಗಿನ ಹಬೆ ತಣ್ಣಗಾಗಿ ಮುಚ್ಚಳ ಗಟ್ಟಿ ಹಿಡಿದುಕೊಂಡುಬಿಡುತ್ತೆ, ಬಟ್ಟಲಿನ ಅಂಚನ್ನು ಎರಡೂ ಕಡೆಯಿಂದ ಒತ್ತಿದರೆ ಬಿಡುತ್ತೆ. ನನ್ನದು ಬಿಟ್ಟಿತು. ಉಳಿದ ಏಳು ಬಟ್ಟಲು ಹಾಗೇ ಕೂತಿದ್ದವು.

ಎಂಟೂ ಮುಕ್ಕಾಲಿಗೆ ಎರಡು ಟ್ಯಾಕ್ಸಿಯಲ್ಲಿ ಬಂದರು. ಮೊದಲ ಮಾತು, "ಊಟ ಬೇಡ ಕಣೇ, ಅಲ್ಲೇ ಪಿಜ್ಜಾ ತಿಂದ್ವಿ." ಎಲೆ ಹಾಕಿ ಕಾಯುತ್ತಿದ್ದಾರೆ ಕಣೇ ಅಂದೆ. ಅದಕ್ಕೆ ಅವಳ ಗಂಡ ಹೇಳಿದ್ದು: "ದುಡ್ಡು ಕೊಟ್ಟಿದೀವಲ್ಲ, ತಿಂದರೂ ನಮ್ದು, ಬಿಟ್ಟರೂ ನಮ್ದು."

ಈ ಮಾತೇ ನನ್ನನ್ನು ಸುಡುತ್ತಿರುವುದು. ನಮ್ಮ ಊರಲ್ಲಿ ಮದುವೆ ಮನೆಯಲ್ಲಿ ಬಡಿಸಿದ ಎಲೆ ಬಿಟ್ಟು ಎದ್ದರೆ ಹಿರಿಯರು ಸುಮ್ಮನಿರ್ತಾರಾ? ಊಟಕ್ಕೆ ಬರ್ತೀನಿ ಅಂತ ಹೇಳಿ ಬರದೇ ಇದ್ದರೆ ಅಡುಗೆ ಮಾಡಿದ ಹೆಂಗಸು ಮುಖ ತಿರುಗಿಸಿಕೊಳ್ಳಲ್ವಾ? ವಿಮಾನ ಹತ್ತಿದ ಕೂಡಲೇ ಇದೆಲ್ಲ ಮರೆತುಹೋಗುತ್ತಾ? ತಲೆಗೆ 18 ಸಾವಿರ ಯೆನ್ ಕೊಟ್ಟೆವು, ನಿಜ. ಅದು ಕೋಣೆಗೆ, ಎರಡು ಹೊತ್ತಿನ ಊಟಕ್ಕೆ, ಸ್ನಾನಕ್ಕೆ. ಎರಡು ಗಂಟೆ ಬಾಗಿಲಲ್ಲಿ ಕಾದು ನಿಂತ ಮುದುಕಿಯನ್ನು ಅದರಲ್ಲಿ ಕೊಂಡುಕೊಂಡಿರಲಿಲ್ಲ ನಾವು.

ಸ್ನಾನದ ಕಥೆಯೂ ಇದೆ. ಇಲ್ಲಿ ಬಟ್ಟೆ ಪೂರ್ತಿ ಬಿಚ್ಚಿ ಇಳಿಯಬೇಕು. ನಮ್ಮ ಹೆಂಗಸರಿಗೆ ಮುಜುಗರ ಆಗುತ್ತೆ, ಅದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಎಂಟರಿಂದ ಎಂಟೂಮುಕ್ಕಾಲಿಗೆ ನಮ್ಮವರಷ್ಟೇ ಬಾಗಿಲು ಹಾಕಿಕೊಂಡು ಸ್ನಾನ ಮಾಡೋ ಕೋಣೆಯನ್ನು ಬುಕ್ ಮಾಡಿದ್ದೆ. ಆ ಹೊತ್ತು ಟ್ಯಾಕ್ಸಿಯಲ್ಲೇ ಕಳೆಯಿತು. ಹಾಗಾಗಿ ನಮ್ಮ ಹೆಂಗಸರೆಲ್ಲ ಹೆಂಗಸರ ಕಡೆಯ ಸಾರ್ವಜನಿಕ ಕೊಳಕ್ಕೇ ಬಂದರು. ಅಲ್ಲಿ ಮೊದಲೇ ಇಬ್ಬರು ಜಪಾನಿ ಅಜ್ಜಿಯರು ಕೂತಿದ್ದರು. ಹೊರಗೆ ಸ್ಟೂಲ್ ಮೇಲೆ ಕೂತು ಸೋಪು ಹಾಕಿ ತೊಳೆದುಕೊಂಡು ಆಮೇಲೆ ಇಳಿಯಬೇಕು ಅಂತ ಹೇಳಿದರೂ ನಾದಿನಿ ಒಳಬಟ್ಟೆಯಲ್ಲೇ, ಮೈಮೇಲೆ ನೊರೆ ಇದ್ದ ಹಾಗೇ ಇಳಿದಳು. ಮಗು ಧುಮುಕಿತು. ಗೆಳತಿ ಫೋನ್ ತಂದಿದ್ದಳು, ಬಟ್ಟೆ ಬಿಚ್ಚಿ ಕೂತವರ ಎದುರಿಗೆ ಫೋನ್! ನಾನು ಕಿತ್ತುಕೊಂಡೆ. ಅಜ್ಜಿಯರು ಒಂದು ಮಾತೂ ಆಡದೆ ಎದ್ದು ಹೋದರು. ಕುಸಾತ್ಸುವಿನಲ್ಲಿ ನೀರು ತುಂಬಾ ಬಿಸಿ ಅಂತ ತಣ್ಣೀರು ಬೆರೆಸಿದರೆ ಸತ್ವ ಹೋಗುತ್ತೆ ಅಂತ, ಮರದ ಹಲಗೆಯಲ್ಲಿ ಕಲಕಿ ಕಲಕಿ ಆರಿಸುವ ಪದ್ಧತಿಯೇ ಇದೆ. ಅಂಥ ಊರಲ್ಲಿ ಇವರು ತಣ್ಣೀರಿನ ನಲ್ಲಿ ಪೂರ್ತಿ ತಿರುಗಿಸಿ ಹಾಗೇ ಬಿಟ್ಟು ಬಂದರು.

ಇನ್ನು ಬೆಳ್ಳಿ. ಅಲ್ಲಿನ ನೀರು ನಿಂಬೆರಸದ ಹಾಗೆ ಹುಳಿ, ಪಿಎಚ್ ಸುಮಾರು 2. ಜೊತೆಗೆ ಗಂಧಕ. ಬೆಳ್ಳಿ ಕಪ್ಪಾಗೇ ಆಗುತ್ತೆ. ಕಾಲುಂಗುರ, ಗೆಜ್ಜೆ ತೆಗೆದಿಡಿ ಅಂತ ಗ್ರೂಪಲ್ಲಿ ಹಾಕಿದ್ದೆ, ಬಟ್ಟೆ ಬದಲಿಸೋ ಕೋಣೆಯ ಗೋಡೆ ಮೇಲೂ ಚಿತ್ರ ಇತ್ತು. ಅತ್ತೆಯವರು ತೆಗೆದಿಟ್ಟರು. ಗೆಳತಿ ತೆಗೆಯಲಿಲ್ಲ.

ರಾತ್ರಿ ಹತ್ತಕ್ಕೆ ಮಕ್ಕಳಿಗೆ ಹಸಿವು. "ಏನಾದ್ರೂ ಬಿಸಿಬಿಸಿ ಮಾಡೋಕೆ ಹೇಳು" ಅಂದಳು. ನಾನು ಹೇಳಲ್ಲ ಅಂದೆ. ಆದರೆ ಮಗು ಅಳೋದು ಕೇಳಿ ಒಕಾಮಿ ತಾವೇ ಬಂದರು. ಅಡುಗೆಮನೆ ತೊಳೆದಾಗಿತ್ತು. ಅನ್ನಕ್ಕೆ ಉಪ್ಪು ಸವರಿ, ಒಳಗೆ ಉಮೆಬೋಶಿ, ಅಂದರೆ ಅವರ ಉಪ್ಪಿನಕಾಯಿ ಇಟ್ಟು ಹದಿನಾಲ್ಕು ಉಂಡೆ ಕಟ್ಟಿ ತಂದುಕೊಟ್ಟರು. ಅದನ್ನು ತಿಂದವರೇ ಬರೆದಿದ್ದಾರೆ, ತಿನ್ನೋಕೆ ಏನೂ ಇಲ್ಲ ಅಂತ.

ಬೆಳಿಗ್ಗೆ ಲೆಕ್ಕ ಚುಕ್ತಾ ಮಾಡುವಾಗ ಸ್ನಾನದ ತೆರಿಗೆ ತಲೆಗೆ 150 ಯೆನ್ ನೋಡಿ ಅವಳ ಗಂಡ ಜಗಳ ತೆಗೆದ. ಅದು ಊರಿಗೆ ಹೋಗೋ ತೆರಿಗೆ, ಮನೆಯವರಿಗಲ್ಲ. ಕೈಯಲ್ಲಿ ಔಟ್‌ಲೆಟ್‌ನ ಚೀಲಗಳು. ನಾನೇ ಕೊಟ್ಟು ಬಾಯಿ ಮುಚ್ಚಿಸಿದೆ.

ಇಲ್ಲಿನ ವಸತಿಗೃಹ ಕಾನೂನು 1948ರದ್ದು. ಅದರಂತೆ ಬಂದ ಅತಿಥಿಯನ್ನು ಸುಲಭಕ್ಕೆ ಬೇಡ ಅನ್ನುವ ಹಾಗಿರಲಿಲ್ಲ. 2023ರ ಡಿಸೆಂಬರ್‌ನಿಂದ ಬದಲಾಗಿದೆ. ಮತ್ತೆ ಮತ್ತೆ ಅತಿರೇಕದ ಬೇಡಿಕೆ ಇಡುವವರಿಗೆ ಕೋಣೆ ಇಲ್ಲ ಅನ್ನಬಹುದು. ಈ ಮನೆಯವರು ಹಾಗೆ ಅನ್ನಲಿಲ್ಲ. ಬಸ್ಸು ತಿರುವು ದಾಟುವ ತನಕ ನಿಂತು ಕೈ ಬೀಸಿದರು. ನನಗೆ ತಿರುಗಿ ನೋಡಲು ಆಗಲಿಲ್ಲ.

ಮುಂದಿನ ಸಲ ನಮ್ಮವರು ಯಾರೋ ಒಬ್ಬರು ಫೋನ್ ಮಾಡಿ ಸಸ್ಯಾಹಾರ ಮಾಡ್ತೀರಾ ಅಂತ ಕೇಳಿದರೆ ಆ ಮಗ ಎಳ್ಳು ನೆನೆಸಲು ಇಡುತ್ತಾನಾ? ನಾನಾಗಿದ್ದರೆ ಇಡುತ್ತಿರಲಿಲ್ಲ.

ರಿವ್ಯೂ ತೆಗಿ ಅಂತ ಮೂರು ಸಲ ಮೆಸೇಜ್ ಮಾಡಿದೆ. "ಅಷ್ಟಕ್ಕೆಲ್ಲ ಯಾಕೆ ಸೀರಿಯಸ್ ಆಗ್ತೀಯ, ನೋಡೋಣ" ಅಂತ ಬಂತು. ಇವತ್ತು ಬೆಳಿಗ್ಗೆ ನೋಡಿದೆ, ಹಾಗೇ ಇದೆ. ಕೆಳಗೆ ಮನೆಯವರು ಉತ್ತರ ಬರೆದಿದ್ದಾರೆ: ನಮ್ಮ ಅಡುಗೆ ನಿಮಗೆ ಹಿಡಿಸದೇ ಹೋದದ್ದಕ್ಕೆ ದಯವಿಟ್ಟು ಕ್ಷಮಿಸಿ.